ಹೊನ್ನಾಳಿ ಯಾವ ಜಿಲ್ಲೆ?

ಹೊನ್ನಾಳಿ, ಚನ್ನಗಿರಿ ಕಡೆಯ ಹಿರಿಯರನ್ನು ಯಾವ ಜಿಲ್ಲೆ ಅಂತ ಕೇಳಿ ನೋಡಿ, ಇವತ್ತಿಗೂ ಕೆಲವರ ಬಾಯಿಗೆ ಮೊದಲು ಬರುವುದು ಶಿವಮೊಗ್ಗವೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಎರಡೂ ಇತ್ತ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ಆಮೇಲೆ ನ್ಯಾಮತಿಯೂ ಹೊನ್ನಾಳಿಯಿಂದ ಪಾಲು ತಗೊಂಡು ಬೇರೆ ತಾಲ್ಲೂಕಾಯಿತು. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ತಿರುಗಾಡುತ್ತಿದೆ.

ನನ್ನ ಸೋದರಳಿಯ ಇಂಥ ಊರುಗಳ ಮಳೆಲೆಕ್ಕಕ್ಕೆ ಪ್ರೋಗ್ರಾಂ ಬರೆಯುತ್ತಿದ್ದಾನೆ. ಅವನ ಕ್ಲಾಸಿನ ಕನ್‌ಸ್ಟ್ರಕ್ಟರಿಗೆ ದಾಖಲೆ ಇಡುವ ಒಂದು ಆಬ್ಜೆಕ್ಟ್ ಬೇಕು. ತಾಲ್ಲೂಕು, ಜಿಲ್ಲೆ, ನದಿಯ ಹೆಸರೂ ಬೇಕು. ಆಬ್ಜೆಕ್ಟನ್ನು ಡಿಪೆಂಡೆನ್ಸಿ ಇಂಜೆಕ್ಷನ್ ಕಂಟೇನರು ಟೈಪು ನೋಡಿ ತಾನೇ ತಂದುಕೊಡುತ್ತದೆ. ಹೆಸರುಗಳೋ, ಬರೀ ಸ್ಟ್ರಿಂಗು. ಮದುವೆಗೆ ಬರುವ ಅಡುಗೆ ಭಟ್ಟರು ಸೌಟು, ಕೊಪ್ಪರಿಗೆ, ಬಡಿಸುವ ಹುಡುಗರು ಎಲ್ಲ ತಂದರೂ ಎಷ್ಟು ಎಲೆ ಹಾಕಬೇಕೆಂದು ಮನೆಯವರೇ ಹೇಳಬೇಕಲ್ಲ, ಹಾಗೆ.

ಹಾಗೆ ಹೇಳುವ ಜಾಗ ಬೈಂಡಿಂಗು, ಅಂದರೆ ಯಾವ ಟೈಪಿಗೆ ಏನು ಕೊಡಬೇಕೆಂದು ಕಂಟೇನರಿಗೆ ಬರೆದಿಡುವುದು. ನಿಂಜೆಕ್ಟ್ ಎಂಬ ಕಂಟೇನರಿನಲ್ಲಾದರೆ 'ವಿತ್‌ಕನ್‌ಸ್ಟ್ರಕ್ಟರ್‌ಆರ್ಗ್ಯುಮೆಂಟ್' ಎಂಬ ಮಾರುದ್ದದ ಹೆಸರು (ಟೈಪಿಸುವಷ್ಟರಲ್ಲಿ ಕಾಫಿ ಆರುತ್ತದೆ) ಬರೆದು, ಪ್ಯಾರಾಮೀಟರಿನ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಬೆಲೆ ಕೊಡಬೇಕು. ನಾಳೆ ಯಾರೋ ಕನ್‌ಸ್ಟ್ರಕ್ಟರಿನಲ್ಲಿ ಆ ಹೆಸರು ತಿದ್ದಿದರು ಅನ್ನಿ, ಕಂಪೈಲರು ತುಟಿಪಿಟಕ್ಕೆನ್ನುವುದಿಲ್ಲ. ಪ್ರೋಗ್ರಾಂ ಓಡಿ, ಆ ಕ್ಲಾಸಿನ ಆಬ್ಜೆಕ್ಟು ಬೇಕಾದ ಹೊತ್ತಿಗೆ ಮುಗ್ಗರಿಸುತ್ತದೆ. ಸ್ಪ್ರಿಂಗ್ ಎಂಬ ಇನ್ನೊಂದು ಕಂಟೇನರಿನಲ್ಲಿ ಸೊನ್ನೆಯಿಂದ ಎಣಿಸಿ ಸ್ಥಾನದ ಮೇಲೂ ಕೊಡಬಹುದು. ಅದು ಇನ್ನೂ ಕಳ್ಳದಾರಿ. ತಾಲ್ಲೂಕು, ಜಿಲ್ಲೆ ಅದಲುಬದಲಾದರೂ ಎರಡೂ ಸ್ಟ್ರಿಂಗೇ, ತಕರಾರಿಲ್ಲ. ಜಗಳೂರು ಜಿಲ್ಲೆಯಾಗಿ ಕೂತರೆ ಓದುವವರಾದರೂ ಹಿಡಿದಾರು. ದಾವಣಗೆರೆ ತಾಲ್ಲೂಕೂ ಹೌದು, ಜಿಲ್ಲೆಯೂ ಹೌದು. ಅಲ್ಲಿ ಬ್ರಹ್ಮನಿಗೂ ಗೊತ್ತಾಗದು.

ನನ್ನ ಕೇಳಿದರೆ, ಒಂದೇ ಬೆಲೆಯಿದ್ದರೆ ನೇರ ಕೊಟ್ಟು ಕೈತೊಳೆದುಕೊಳ್ಳಲಿ. ಮೂರು ನಾಲ್ಕಾದರೆ 'ತಾಲ್ಲೂಕು' ಅಂತಲೇ ಪುಟ್ಟ ಟೈಪು ಮಾಡಲಿ, ಇಲ್ಲವೇ ಬೈಂಡಿಂಗಿನಲ್ಲೇ ಲ್ಯಾಂಬ್ಡಾ ಹಾಕಿ ಆಬ್ಜೆಕ್ಟನ್ನು ತಾನೇ ಕಟ್ಟಲಿ. ಆಗ ಕಂಪೈಲರಿನ ಕಣ್ಣಾದರೂ ಮೇಲಿರುತ್ತದೆ.

"ಅದೆಲ್ಲ ಸರಿ ಮಾವ, ನದಿ ಅಂತ ಹೊನ್ನಾಳಿಗೆ ತುಂಗಭದ್ರೆ ಕೊಟ್ಟೆ. ಜಗಳೂರಿಗೆ ಏನು ಕೊಡಲಿ?" ಅಂದ.

ಬರಗಾಲಕ್ಕೆ ಹೆಸರಾದ ತಾಲ್ಲೂಕು. ಖಾಲಿ ಸ್ಟ್ರಿಂಗು ಕೊಟ್ಟರೆ ಕಂಟೇನರೇನೋ ನುಂಗಿಕೊಳ್ಳುತ್ತದೆ. ಆದರೆ ಮಳೆ ಲೆಕ್ಕ ಹಾಕಲು ನದಿ ಯಾಕಯ್ಯಾ ಬೇಕು? ಚನ್ನಗಿರಿಯವರು ಸೂಳೆಕೆರೆ ಬರೆಯಲೋ ಶಾಂತಿಸಾಗರ ಬರೆಯಲೋ ಅಂತ ಬೇರೆ ಜಗಳ ತೆಗೆದಾರು. ಕೊನೆಗೆ ಆ ಪ್ಯಾರಾಮೀಟರನ್ನೇ ಕಿತ್ತುಹಾಕಿದ. ಬೈಂಡಿಂಗಿನಲ್ಲಿ ತಾಲ್ಲೂಕಿಗೊಂದರಂತೆ ಸಾಲು ಕಡಿಮೆಯಾಯಿತು.