ಕುದುರೆಯೇರಿ ಹೊರಟವರ ಬಿಡಾರ

ಇಂಗ್ಲೆಂಡಿನ ನೈಋತ್ಯ ದಿಕ್ಕಿನಲ್ಲಿರುವ ಬ್ರಿಸ್ಟಲ್ ಬಹು ಹಳೆಯ ರೇವುಪಟ್ಟಣ. ಅದರ ಪೇಟೆಯ ನಡುವೆ, ಬ್ರಾಡ್‌ಮೀಡ್ ಎಂಬ ಬೀದಿಯಲ್ಲಿ, ಅಂಗಡಿಗಳ ಸಾಲಿಗೆ ಒತ್ತಿಕೊಂಡಂತೆ ಒಂದು ಕಿರಿದಾದ ಅಂಗಳವಿದೆ. ಅಲ್ಲೊಂದು ಅಶ್ವಾರೂಢ ವಿಗ್ರಹ. ಕುದುರೆಯ ಮೇಲೆ ಕುಳಿತ ವಿಗ್ರಹವೆಂದರೆ ರಾಜನದೋ ದಂಡನಾಯಕನದೋ ಇರಬೇಕೆಂದು ನಾವು ಭಾವಿಸುತ್ತೇವೆ. ಇಲ್ಲಿರುವವರ ಸೊಂಟದಲ್ಲಿ ಕತ್ತಿಯಿಲ್ಲ. ಇವರು ಮೆಥೊಡಿಸ್ಟ್ ಪಂಥದ ಮೂಲಪುರುಷರಾದ ಜಾನ್ ವೆಸ್ಲಿಯವರು. ಹಿಂದಿರುವ ಸರಳವಾದ ಕಟ್ಟಡವೇ ‘ನ್ಯೂ ರೂಮ್’. ಹೆಸರಿನಲ್ಲಿ ಹೊಸತಾದರೂ, ಜಗತ್ತಿನ ಮೆಥೊಡಿಸ್ಟ್ ಮಂದಿರಗಳಲ್ಲೆಲ್ಲ ಅತ್ಯಂತ ಹಳೆಯದು.

1703ರಲ್ಲಿ ಎಪ್‌ವರ್ತ್ ಗ್ರಾಮದ ಪಾದ್ರಿಯ ಮಗನಾಗಿ ಹುಟ್ಟಿದ ವೆಸ್ಲಿಯವರು ಆಕ್ಸ್‌ಫರ್ಡಿನಲ್ಲಿ ಓದಿದ ವಿದ್ವಾಂಸರು; ಇಂಗ್ಲೆಂಡಿನ ಅಧಿಕೃತ ಸಭೆಯ ದೀಕ್ಷೆ ಪಡೆದವರು. ಇಗರ್ಜಿಯ ನಾಲ್ಕು ಗೋಡೆಗಳ ಹೊರಗೆ ಉಪದೇಶಿಸುವುದು ಅವರಿಗೆ ಸಲ್ಲದ ಕಾರ್ಯವಾಗಿ ತೋರುತ್ತಿದ್ದಿತು. ಆದರೆ 1739ರ ಫೆಬ್ರುವರಿಯಲ್ಲಿ ಅವರ ಮಿತ್ರ ಜಾರ್ಜ್ ವಿಟ್‌ಫೀಲ್ಡ್ ಬ್ರಿಸ್ಟಲಿನ ಬಳಿಯ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲ ಗಣಿಯ ಕೂಲಿಗಳಿಗೆ ಬಯಲಿನಲ್ಲೇ ನಿಂತು ಉಪದೇಶಿಸತೊಡಗಿದರು. ವೆಸ್ಲಿಯವರಿಗೂ ಕರೆ ಕಳುಹಿಸಿದರು. ಹಿಂಜರಿಯುತ್ತಲೇ ಬಂದ ವೆಸ್ಲಿಯವರು ಏಪ್ರಿಲ್ 2ರಂದು ಇಟ್ಟಿಗೆಗೂಡಿನ ಬಯಲಿನಲ್ಲಿ ಮೊದಲ ಸಲ ಬಹಿರಂಗವಾಗಿ ಮಾತನಾಡಿದರು. ಮೇ 12ರಂದು ನ್ಯೂ ರೂಮಿಗೆ ಅಸ್ತಿಭಾರ ಬಿದ್ದಿತು. 1748ರಲ್ಲಿ ಅದನ್ನು ವಿಸ್ತರಿಸಿದರು.

ಒಳಹೊಕ್ಕರೆ ಆಡಂಬರವಾವುದೂ ಕಾಣದು. ಬಿಳಿಯ ಕಂಬಗಳು, ಮೇಲಂತಸ್ತಿನ ಮೊಗಸಾಲೆ, ಒಂದರ ಮೇಲೊಂದಿರುವ ಎರಡು ಉಪದೇಶ ಪೀಠಗಳು. ನೆತ್ತಿಯ ಮೇಲೆ ಎಂಟು ಮೂಲೆಯ ಗಾಜಿನ ಗೂಡು, ಅದರಿಂದಿಳಿಯುವ ಬೆಳಕು. ಅಂದು ಇದು ಪ್ರಾರ್ಥನೆಯ ಸ್ಥಳವಷ್ಟೇ ಅಲ್ಲ, ಬಡವರಿಗೆ ಔಷಧಿಶಾಲೆಯೂ ಮಕ್ಕಳಿಗೆ ಪಾಠಶಾಲೆಯೂ ಆಗಿದ್ದಿತು.

ಕಟ್ಟಡದ ಸಾಲ ತೀರಿಸುವುದೆಂತು? 1742ರಲ್ಲಿ ನಡೆದ ಸಭೆಯಲ್ಲಿ ಕ್ಯಾಪ್ಟನ್ ಫಾಯ್ ಎಂಬುವರು ಪ್ರತಿಯೊಬ್ಬ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲೆಂದು ಸೂಚಿಸಿದರು. ಅಷ್ಟೂ ಕೊಡಲಾರದ ಬಡವರಿದ್ದಾರೆಂಬ ಮಾತು ಬಂದಾಗ, ಹನ್ನೊಂದು ಮಂದಿಯ ಲೆಕ್ಕವನ್ನು ತಾವೇ ವಹಿಸಿ, ಕೊಡಲಾರದವರ ಪಾಲನ್ನು ತಾವು ತುಂಬುವುದಾಗಿ ಹೇಳಿದರು. ಹೀಗೆ ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಆ ಮನೆಗಳ ಕಷ್ಟ, ಕುಡಿತ, ಕಲಹಗಳೆಲ್ಲವೂ ತಿಳಿಯತೊಡಗಿದುವು. ವಸೂಲಿಗಾಗಿ ಹುಟ್ಟಿದ ಏರ್ಪಾಡು ಪರಸ್ಪರ ಸುಖದುಃಖ ವಿಚಾರಿಸುವ ‘ಕ್ಲಾಸ್’ ಎಂಬ ಸಣ್ಣ ಕೂಟವಾಗಿ ಬೆಳೆಯಿತು. ಮೆಥೊಡಿಸ್ಟರ ಸಂಘಶಕ್ತಿಯ ಗುಟ್ಟು ಇದರಲ್ಲಿಯೇ ಅಡಗಿದ್ದಿತು.

ಇನ್ನು ಉಪದೇಶಿಗಳ ಮಾತು. ದೀಕ್ಷೆ ಪಡೆಯದ ಥಾಮಸ್ ಮ್ಯಾಕ್ಸ್‌ಫೀಲ್ಡ್ ಲಂಡನ್ನಿನಲ್ಲಿ ಉಪದೇಶಿಸಿದನೆಂದು ಕೇಳಿ ವೆಸ್ಲಿಯವರು ಕುಪಿತರಾಗಿ ಅಲ್ಲಿಗೆ ಧಾವಿಸಿದರು. ಅವರನ್ನು ತಡೆದವರು ತಾಯಿ ಸೂಸಾನಾ. ಮೊದಲು ಆ ಯುವಕನ ಮಾತನ್ನು ಕಿವಿಯಾರೆ ಕೇಳು, ಬಳಿಕ ತೀರ್ಪು ಹೇಳು ಎಂದು ಆಕೆ ಬುದ್ಧಿ ಹೇಳಿದರಂತೆ. ಮಗ ಕೇಳಿದರು, ಒಪ್ಪಿದರು. ಅಲ್ಲಿಂದ ಮುಂದೆ ಕಲ್ಲುಕುಟಿಗರು, ಕಮ್ಮಾರರು, ಸಿಪಾಯಿಗಳು ಉಪದೇಶಿಗಳಾದರು. ಅವರಿಗೆ ಎದುರಾದುದು ಕಲ್ಲು, ಕೆಸರು, ದೊಂಬಿ. 1743ರಲ್ಲಿ ವೆಡ್ನ್ಸ್‌ಬರಿಯಲ್ಲಿ ಜನರ ಗುಂಪು ವೆಸ್ಲಿಯವರನ್ನೇ ಎಳೆದಾಡಿತು. ಯಾರ್ಕ್‌ಷೈರಿನ ಕಲ್ಲುಕುಟಿಗ ಜಾನ್ ನೆಲ್ಸನ್ನನನ್ನು ಮರುವರ್ಷ ಬಲಾತ್ಕಾರವಾಗಿ ಸೈನ್ಯಕ್ಕೆ ಸೇರಿಸಲಾಯಿತು.

ಈ ಸಂಚಾರಿಗಳ ಬಿಡಾರವನ್ನು ನ್ಯೂ ರೂಮಿನ ಮಹಡಿಯಲ್ಲಿ ಇಂದಿಗೂ ನೋಡಬಹುದು. ನಡುವೆ ಒಂದು ಹಜಾರ. ಪಕ್ಕದಲ್ಲಿ ಪುಟ್ಟ ಪುಟ್ಟ ಕೋಣೆಗಳು. ನಸುಕಿನಲ್ಲಿ ಎದ್ದು 5 ಗಂಟೆಗೆ ಉಪದೇಶ; ಬಳಿಕ ಮತ್ತೆ ಕುದುರೆ, ಮತ್ತೆ ದಾರಿ. 1752ರಲ್ಲಿ ಇವರಿಗೆ ಗೊತ್ತುಮಾಡಿದ ವಾರ್ಷಿಕ ವೇತನ 12 ಪೌಂಡ್. 1771ರಲ್ಲಿ ಇದೇ ಕಟ್ಟಡದಲ್ಲಿ ನಡೆದ ಸಮ್ಮೇಳನದಲ್ಲಿ ಅಮೆರಿಕಕ್ಕೆ ಹೋಗುವವರಾರೆಂದು ವೆಸ್ಲಿಯವರು ಕೇಳಿದಾಗ 25 ವರ್ಷದ ಫ್ರಾನ್ಸಿಸ್ ಆಸ್‌ಬರಿ ಎದ್ದು ನಿಂತರು. ಅವರು ಮರಳಿ ತಾಯ್ನಾಡನ್ನು ಕಾಣಲೇ ಇಲ್ಲ; 1816ರಲ್ಲಿ ಅಮೆರಿಕದಲ್ಲಿಯೇ ತೀರಿಕೊಂಡರು.

ಬ್ರಿಸ್ಟಲಿನ ಸಿರಿಗೆ ಆಫ್ರಿಕದ ಗುಲಾಮರ ವ್ಯಾಪಾರವೂ ಒಂದು ಮೂಲವಾಗಿದ್ದಿತು. ಬಯಲಿಗೆ ಕರೆದ ವಿಟ್‌ಫೀಲ್ಡರೇ ಜಾರ್ಜಿಯದಲ್ಲಿ ಗುಲಾಮರನ್ನಿಟ್ಟುಕೊಂಡಿದ್ದರು. ವೆಸ್ಲಿಯವರಾದರೋ 1774ರಲ್ಲಿ ಈ ಪದ್ಧತಿಯನ್ನು ಖಂಡಿಸಿ ಪುಸ್ತಕ ಬರೆದರು; 1788ರಲ್ಲಿ ನ್ಯೂ ರೂಮಿನ ಪೀಠದಿಂದಲೇ ಅದರ ವಿರುದ್ಧ ನುಡಿದರು. ಉಪದೇಶದ ನಡುವೆ ಭಾರಿ ಗದ್ದಲವೆದ್ದು ಬೆಂಚುಗಳು ಮುರಿದುವೆಂದೂ, ಆರು ನಿಮಿಷಗಳ ಬಳಿಕ ಶಾಂತವಾಯಿತೆಂದೂ ಅವರ ದಿನಚರಿ ತಿಳಿಸುತ್ತದೆ. ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ವೆಸ್ಲಿಯವರು 1791ರಲ್ಲಿಯೇ ಕಣ್ಮುಚ್ಚಿದ್ದರು.

ಒಂದು ಕೊರತೆಯನ್ನೂ ಹೇಳಬೇಕು. ಸೇರಾ ಕ್ರಾಸ್ಬಿ, ಮೇರಿ ಬೋಸಾಂಕೆಟ್ ಮೊದಲಾದ ಸ್ತ್ರೀಯರ ಉಪದೇಶಕ್ಕೆ ವೆಸ್ಲಿಯವರು ಕ್ರಮೇಣ ಸಮ್ಮತಿಯಿತ್ತಿದ್ದರು. ಅವರು ಗತಿಸಿದ ಮೇಲೆ, 1803ರ ಸಮ್ಮೇಳನವು ಸ್ತ್ರೀಯರು ಸಾಮಾನ್ಯವಾಗಿ ಉಪದೇಶಿಸಕೂಡದೆಂದು ಕಟ್ಟಳೆ ಮಾಡಿತು. ತಾಯಿಯ ಮಾತಿನಿಂದ ಕಲ್ಲುಕುಟಿಗರಿಗೆ ತೆರೆದ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತು. ಬ್ರಿಟನ್ನಿನ ಮೆಥೊಡಿಸ್ಟ್ ಸಭೆ ಮಹಿಳೆಯರಿಗೆ ಪಾದ್ರಿದೀಕ್ಷೆ ಕೊಟ್ಟದ್ದು 1974ರಲ್ಲಿ.

ಈ ಪರಂಪರೆಗೂ ಕನ್ನಡಕ್ಕೂ ನಂಟುಂಟು. ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ 1849ರಲ್ಲಿ ಜಾನ್ ಗ್ಯಾರೆಟ್ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷುಗಳಲ್ಲಿ ಹೊರತಂದರು. 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿದ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಲ್ಲಿಯೇ ಅಚ್ಚಾಯಿತು.

ನ್ಯೂ ರೂಮ್ 1808ರಲ್ಲಿ ಪರರ ಕೈಸೇರಿ, 1929ರಲ್ಲಿ ಮೆಥೊಡಿಸ್ಟರಿಗೆ ಮರಳಿತು. ಈಗ ಮಹಡಿಯ ಕೋಣೆಗಳು ವಸ್ತುಸಂಗ್ರಹಾಲಯವಾಗಿವೆ. ಬ್ರಿಸ್ಟಲಿಗೆ ಹೋದವರು ಕೆಳಗಿನ ಮಂದಿರವನ್ನಷ್ಟೇ ನೋಡಿ ಬರದೆ, ಮೆಟ್ಟಿಲೇರಿ ಆ ಕಿರುಕೋಣೆಗಳನ್ನೂ ನೋಡಬೇಕು.