ಚಪ್ಪಲಿಯ ಮೂತಿ ಬಾಗಿಲ ಕಡೆಗೆ

2000ನೇ ಇಸವಿಯ ನವೆಂಬರ್. ಟೋಕಿಯೊದ ಪೂರ್ವದ ಅಂಚಿನಲ್ಲಿರುವ ಎದೊಗಾವಾ ವಾರ್ಡಿನ ಒಂದು ಗಲ್ಲಿ. ಅಕ್ಕಿ ಅಂಗಡಿಯ ಪಕ್ಕದ ಮರದ ಬಾಗಿಲ ಮುಂದೆ ದಾವಣಗೆರೆಯ ಎಂಜಿನಿಯರೊಬ್ಬರು ನಿಂತಿದ್ದರು. ಒಳಗಿಂದ ಫಟ್ ಫಟ್ ಎಂದು ಸದ್ದು ಬರುತ್ತಿತ್ತು. ಅದು ಆಳು ನೆಲಕ್ಕೆ ಬೀಳುವ ಸದ್ದು ಎಂದು ಗುರುತು ಹಿಡಿಯಲು ಅವರಿಗೆ ಎರಡು ನಿಮಿಷ ಬೇಕಾಯಿತು. ಊರಲ್ಲಿ ಗರಡಿಮನೆಯ ಕಿಟಕಿಗೆ ಜೋತುಬಿದ್ದು ಬೆಳೆದವರು ಅವರು. ಅಲ್ಲಿ ಕೆಂಪು ಮಟ್ಟಿಯ ಮೇಲೆ ಪೈಲ್ವಾನ ಬಿದ್ದರೆ ‘ಧೊಪ್’ ಎನ್ನುತ್ತಿತ್ತು. ಇಲ್ಲಿ ಬೀಳುವವನು ಬೀಳುತ್ತಲೇ ಅಂಗೈಯಿಂದ ಚಾಪೆಯನ್ನು ಬಡಿಯುತ್ತಾನೆ, ಅದಕ್ಕೇ ಈ ‘ಫಟ್’.

ಬಾಗಿಲು ಸರಿಸಿದರು. ಅಷ್ಟೂ ತಲೆಗಳು ತಿರುಗಿದವು. ಬಿಳಿ ಜೂಡೊ ಅಂಗಿಯ ಹಿರಿಯರೊಬ್ಬರು ಬಂದು ಬಾಗಿ ನಮಸ್ಕರಿಸಿ, ಇವರು ಕಂಠಪಾಠ ಮಾಡಿಕೊಂಡು ಬಂದಿದ್ದ ಐದಾರು ಜಪಾನಿ ವಾಕ್ಯಗಳನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆ ವಾಲಿಸಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದು, ‘ಚೊತ್ತೊ...’ ಎಂದು ಅಲ್ಲಿಗೇ ನಿಲ್ಲಿಸಿದರು. ಮನೆಗೆ ಬಂದು ನಿಘಂಟು ತೆಗೆದರೆ ಚೊತ್ತೊ ಎಂದರೆ ‘ಸ್ವಲ್ಪ’ ಅಂತ ಇತ್ತು. ಸ್ವಲ್ಪ ತಡಿ ಅಂದಿರಬೇಕು ಎಂದುಕೊಂಡು ಮುಂದಿನ ವಾರ ಮತ್ತೆ ಹೋದರು. ಅದರ ಮುಂದಿನ ವಾರವೂ ಹೋದರು. ಮೂರನೆಯ ಸಲ ಆ ಹಿರಿಯರೇ ಪಾಪ, ಕೂತು ಬೆವರುತ್ತಿದ್ದರು. ಕೊನೆಗೆ ಆಫೀಸಿನ ಸಹೋದ್ಯೋಗಿ ಹೊಟ್ಟೆ ಹಿಡಿದುಕೊಂಡು ನಕ್ಕು ಅರ್ಥ ಹೇಳಿದ: ಅರ್ಧಕ್ಕೆ ನಿಂತ ‘ಚೊತ್ತೊ’ ಎಂದರೆ ಆಗುವುದಿಲ್ಲ ಅಂತ. ನಮ್ಮವರು ಸಾಲ ಕೇಳಲು ಬಂದವನಿಗೆ ‘ನೋಡೋಣಪ್ಪ’ ಎನ್ನುವುದಿಲ್ಲವೆ, ಹಾಗೆ.

ಆ ಬಾಗಿಲು ಅವರಿಗೆ ಕೊನೆಗೂ ತೆರೆಯಲಿಲ್ಲ.

ಆ ಕಾಲಕ್ಕೆ ವೈ2ಕೆ ಗಡಿಬಿಡಿಯಲ್ಲಿ ಬಂದಿಳಿದ ಭಾರತದ ಸಾಫ್ಟ್‌ವೇರ್ ಹುಡುಗರಿಂದ ಅದೇ ವಾರ್ಡಿನ ನಿಶಿ-ಕಸಾಯ್ ರೈಲು ನಿಲ್ದಾಣದ ಸುತ್ತ ಒಂದು ಪುಟ್ಟ ಭಾರತ ಆಗತಾನೆ ಮೊಳೆಯುತ್ತಿತ್ತು. ಇಡೀ ಜಪಾನಿನಲ್ಲಿ ಭಾರತೀಯರ ಸಂಖ್ಯೆ ಸುಮಾರು 10 ಸಾವಿರ, ಒಟ್ಟು ವಿದೇಶಿಯರು ಸುಮಾರು 17 ಲಕ್ಷ. ಗಲ್ಲಿಯ ಡೋಜೊ (ಅಲ್ಲಿನ ಗರಡಿ) ಒಂದಕ್ಕೆ ವಿದೇಶಿಯೊಬ್ಬ ಕಾಲಿಡುವುದು ಅಪರೂಪದ ಸಂಗತಿಯಾಗಿತ್ತು. ಆ ಹಿರಿಯರಿಗೆ ದ್ವೇಷವೇನೂ ಇರಲಿಲ್ಲ ಎಂಬುದು ಇವರಿಗೆ ಅರ್ಥವಾಗಿದ್ದು ವರ್ಷಗಳ ನಂತರ, ಸ್ವತಃ ಡೋಜೊದ ಲೆಕ್ಕಪತ್ರ ಬರೆಯಲು ಕೂತಾಗ. ಸಣ್ಣ ಡೋಜೊಗಳಲ್ಲಿ ಕ್ರೀಡಾ ವಿಮೆಯನ್ನು ಗುಂಪಿನ ಹೆಸರಲ್ಲಿ ಮಾಡಿಸುತ್ತಾರೆ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನಡು ವರ್ಷದಲ್ಲಿ, ಭಾಷೆ ಬಾರದ, ಎಷ್ಟು ದಿನ ಇರುತ್ತಾನೋ ಗೊತ್ತಿಲ್ಲದ ಆಳು ಬಂದು ಭುಜ ಮುರಿದುಕೊಂಡರೆ ಉತ್ತರ ಹೇಳಬೇಕಾದವರು ಗುರುಗಳೇ. ನಮ್ಮ ಗರಡಿಯ ವಸ್ತಾದರಾದರೂ ಗುರುತಿಲ್ಲದವನನ್ನು ಮೊದಲ ದಿನವೇ ಮಟ್ಟಿಗೆ ಇಳಿಸುತ್ತಿದ್ದರೇ? ಪರಿಚಯದ ಪೈಲ್ವಾನನೊಬ್ಬ ‘ಇವ ನಮ್ಮ ಹುಡುಗ’ ಅನ್ನಬೇಕಿತ್ತು, ಹನುಮಪ್ಪನ ಮುಂದೆ ತೆಂಗಿನಕಾಯಿ ಒಡೆಯಬೇಕಿತ್ತು.

ಇವರಿಗೆ ‘ನಮ್ಮ ಹುಡುಗ’ ಎಂದವನು ನಕ್ಕಿದ್ದ ಅದೇ ಸಹೋದ್ಯೋಗಿ. ವಾರ್ಡ್ ಕಚೇರಿಯ ಸುದ್ದಿಪತ್ರದ ಮೂಲೆಯಲ್ಲಿದ್ದ ಪ್ರಕಟಣೆಯೊಂದನ್ನು ಅವನು ಓದಿ ಹೇಳಿದ. ವಾರ್ಡಿನ ಕ್ರೀಡಾ ಕೇಂದ್ರದಲ್ಲಿ ವಾರಕ್ಕೆರಡು ಸಂಜೆ ಮಕ್ಕಳಿಗೂ ದೊಡ್ಡವರಿಗೂ ಜೂಡೊ. ಫೋನ್ ಮಾಡಿದವನೂ ಅವನೇ. ಆ ಕಡೆಯಿಂದ ಬಂದ ಉತ್ತರ ಒಂದೇ ಪದ: ಕೆಂಗಾಕು. ಅಂದರೆ ಮೊದಲು ಬಂದು ನೋಡಲಿ.

ನೋಡುವುದು ಎಂದರೆ ಸಿನಿಮಾ ನೋಡಿದ ಹಾಗಲ್ಲ. ಗೋಡೆಗೆ ಒರಗದೆ, ಮಂಡಿ ಮಡಚಿ, ಎರಡು ಗಂಟೆ ಕೂರಬೇಕು. ಮೊದಲ ದಿನ ಒಂದು ಕಾಲಿಗೆ ಜೋಮು ಹಿಡಿದು, ಏಳಲು ಹೋಗಿ ಇವರು ಪಕ್ಕಕ್ಕೆ ಉರುಳಿದರು. ಮಕ್ಕಳೆಲ್ಲ ನಕ್ಕವು. ಮೂರು ವಾರ ಕೂರಿಸಿದ ಮೇಲೆ, ಅರವತ್ತರ ಆಸುಪಾಸಿನ ಗುರುಗಳು ಕರೆದು ಕಲಿಸಿದ ಮೊದಲ ಪಾಠಕ್ಕೂ ಜೂಡೊಗೂ ಸಂಬಂಧವೇ ಇರಲಿಲ್ಲ. ಇವರು ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನು ಗುರುಗಳೇ ಬಗ್ಗಿ ತಿರುಗಿಸಿಟ್ಟರು, ಮೂತಿ ಬಾಗಿಲ ಕಡೆಗೆ. ಒಂದು ಮಾತೂ ಆಡಲಿಲ್ಲ. ತಮಗಿಂತ ಇಪ್ಪತ್ತೈದು ವರ್ಷ ದೊಡ್ಡವರು ತಮ್ಮ ಚಪ್ಪಲಿ ಮುಟ್ಟಿದ್ದು ಕಂಡು ದಾವಣಗೆರೆಯ ಈ ಮನುಷ್ಯ ಭೂಮಿಗೆ ಇಳಿದುಹೋದರು. ಆಮೇಲೆ ಒಂದು ದಿನವೂ ಆ ತಪ್ಪು ಮಾಡಲಿಲ್ಲ.

ತಿಂಗಳ ಕೊನೆಗೆ ‘ಗೆಶ್ಶಾ’, ಅಂದರೆ ತಿಂಗಳ ಗುರುಕಾಣಿಕೆ. ಹನ್ನೆರಡು ಚೌಕಗಳಿರುವ ಕಂದು ಲಕೋಟೆಯಲ್ಲಿ ನೋಟಿಟ್ಟು ಎರಡೂ ಕೈಯಿಂದ ಕೊಡಬೇಕು. ಗುರುಗಳು ಆ ತಿಂಗಳ ಚೌಕದಲ್ಲಿ ಕೆಂಪು ಮುದ್ರೆ ಒತ್ತಿ ಖಾಲಿ ಲಕೋಟೆ ವಾಪಸು ಕೊಡುತ್ತಾರೆ. ಒಂದು ವರ್ಷ ತುಂಬಿದ ಮೇಲೆ ಗೋಡೆಯ ಮೇಲಿನ ಸಾಲಿಗೆ ಇವರ ಹೆಸರಿನ ಮರದ ಪಟ್ಟಿಯೂ ಬಂತು, ಹೊರಗಿನ ಹೆಸರುಗಳಿಗೆ ಬಳಸುವ ಕಟಕಾನಾ ಅಕ್ಷರದಲ್ಲಿ. ಹೆಸರಿನೊಳಗಿನ ‘ಲ’ಕಾರ ಜಪಾನಿಗೆ ಹೊಂದದೆ ‘ರ’ ಆಗಿತ್ತು. ಆದರೆ ತುದಿಯ ‘ಪ್ಪ’ ಮಾತ್ರ ಒತ್ತಕ್ಷರ ಸಮೇತ ಅಚ್ಚುಕಟ್ಟಾಗಿ ಕೂತಿತ್ತು. ಜಪಾನಿಯಲ್ಲೂ ಒತ್ತು ಉಂಟು, ಸಣ್ಣದೊಂದು ‘ತ್ಸು’ ಬರೆದು ಅದನ್ನು ತೋರಿಸುತ್ತಾರೆ. ಅಮೆರಿಕದವರ ಬಾಯಲ್ಲಿ ಎಂದೂ ಸರಿಯಾಗಿ ಹೊರಡದ, ಅಜ್ಜನಿಂದ ಬಂದ ತಮ್ಮ ಹೆಸರು ಎದೊಗಾವಾದ ಒಬ್ಬ ನಿವೃತ್ತ ಅಂಚೆ ನೌಕರನ ಬಾಯಲ್ಲಿ ಸಲೀಸಾಗಿ ಬರುತ್ತಿದ್ದುದು ಅವರಿಗೆ ಇವತ್ತಿಗೂ ಸೋಜಿಗ.

ಊಟದ ಸಂಕಟವೇ ಬೇರೆ. ಅಭ್ಯಾಸದ ನಂತರದ ಕೂಟದಲ್ಲಿ ಮಾಂಸ, ಮೀನು ಮುಟ್ಟದ ಈ ಶರಣರು ತಿನ್ನಬಹುದಾದದ್ದು ಬೇಯಿಸಿದ ಹಸಿರು ಸೋಯಾ ಕಾಯಿ ಮತ್ತು ತಣ್ಣನೆಯ ತೋಫು. ತೋಫುವಿನ ಮೇಲೆ ಉದುರಿಸಿದ್ದ ತೆಳ್ಳನೆಯ ಕಂದು ಎಸಳುಗಳು ಒಣಮೀನಿನವು ಎಂದು ಗೊತ್ತಾದ ದಿನದಿಂದ ಬರೀ ಸೋಯಾ ಕಾಯಿ.

ಆ ಕೂಟಗಳಲ್ಲೇ ಗುರುಗಳು ಹಳೆಯ ಕಥೆ ತೆಗೆಯುತ್ತಿದ್ದುದು. 1964ರ ಅಕ್ಟೋಬರ್ 23. ಟೋಕಿಯೊ ಒಲಿಂಪಿಕ್ಸಿಗೆ ಜೂಡೊ ಮೊದಲ ಸಲ ಸೇರಿತ್ತು. ಅದಕ್ಕೆಂದೇ ಕಟ್ಟಿದ ನಿಪ್ಪೊನ್ ಬುದೊಕಾನ್ ತುಂಬಿ ತುಳುಕುತ್ತಿತ್ತು. ತೂಕದ ಮಿತಿಯಿಲ್ಲದ ವಿಭಾಗದ ಫೈನಲ್, ಜಪಾನಿನ ಅಕಿಯೊ ಕಮಿನಾಗಾ ಮತ್ತು ನೆದರ್ಲೆಂಡ್ಸಿನ ಆಂಟನ್ ಗೀಸಿಂಕ್. ಹರೆಯದ ಗುರುಗಳು ಟಿವಿ ಅಂಗಡಿಯ ಗಾಜಿನ ಹೊರಗೆ ನಿಂತು ನೋಡಿದ್ದರು. ಒಂಬತ್ತು ನಿಮಿಷ ದಾಟಿದ ಮೇಲೆ ಗೀಸಿಂಕ್ ಕಮಿನಾಗಾನನ್ನು ನೆಲಕ್ಕೆ ಒತ್ತಿಹಿಡಿದರು, ಏಳಲು ಬಿಡಲಿಲ್ಲ. ಡಚ್ಚರು ಕುಣಿಯುತ್ತ ಅಂಕಣಕ್ಕೆ ನುಗ್ಗಲು ಬಂದಾಗ ಗೀಸಿಂಕ್ ಇನ್ನೂ ಎದುರಾಳಿಯ ಮೇಲಿದ್ದಂತೆಯೇ ಕೈ ಎತ್ತಿ ಅವರನ್ನು ತಡೆದರು. ಗುರುಗಳು ಕಥೆಯನ್ನು ಪ್ರತಿ ಸಲವೂ ಈ ಕೈ ಎತ್ತಿದ ಕ್ಷಣಕ್ಕೇ ತಂದು ನಿಲ್ಲಿಸುತ್ತಿದ್ದರು. ಸೋತ ದುಃಖಕ್ಕಿಂತ, ಹೊರಗಿನವನೊಬ್ಬ ಒಳಗಿನ ರೀತಿಯನ್ನು ಅಷ್ಟು ಕಲಿತಿದ್ದನಲ್ಲ ಎಂಬ ಬೆರಗು ಅವರನ್ನು ನಲವತ್ತು ವರ್ಷ ಕಾಡಿತ್ತು. ಗೀಸಿಂಕ್ ಅದನ್ನು ಕಲಿತದ್ದಾದರೂ ಎಲ್ಲಿ? ನಾರಾ ಪ್ರಾಂತದ ತೆನ್ರಿ ವಿಶ್ವವಿದ್ಯಾಲಯದ ಹುಡುಗರ ನಡುವೆ ಬೆವರು ಸುರಿಸಿ.

ಅದೇ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ಕೆನಡಾದ ಡಗ್ ರಾಜರ್ಸ್ ವರ್ಷಗಟ್ಟಲೆ ಜಪಾನಿನಲ್ಲೇ ಇದ್ದು ತಕುಶೊಕು ವಿಶ್ವವಿದ್ಯಾಲಯದ ತಂಡದಲ್ಲಿ ಪಳಗಿದವರು. ಅಮೆರಿಕ ತಂಡದಲ್ಲಿದ್ದ ಬೆನ್ ಕ್ಯಾಂಪ್‌ಬೆಲ್ ಮೇಜಿ ವಿಶ್ವವಿದ್ಯಾಲಯದಲ್ಲಿ ಪೆಟ್ಟು ತಿಂದು ಬಂದವರು, ಮುಂದೆ ಸೆನೆಟರ್ ಆದರು. ಇನ್ನೂ ಹಿಂದಕ್ಕೆ ಹೋದರೆ ಯೊಕೊಹಾಮಾದಲ್ಲಿ ಪತ್ರಕರ್ತನಾಗಿದ್ದ ಇಂಗ್ಲಿಷ್ ಮನುಷ್ಯ ಇ. ಜೆ. ಹ್ಯಾರಿಸನ್ 1904ರಲ್ಲೇ ಜೂಡೊದ ಮೂಲಶಾಲೆ ಕೊಡೊಕಾನ್ ಸೇರಿದ್ದ. 1955ರಲ್ಲಿ ಫ್ರಾನ್ಸಿನ ಆಂದ್ರೆ ನೊಕೆ, ಐಕಿಡೊದ ಮೂಲಪುರುಷ ಮೊರಿಹೆಯಿ ಉಯೆಶಿಬಾ ಅವರ ಡೋಜೊದಲ್ಲೇ ಮನೆಶಿಷ್ಯನಾಗಿ ಉಳಿದ. ಕತೊರಿ ಶಿಂತೊ-ರ್ಯು ಎಂಬ ಪುರಾತನ ಕತ್ತಿವರಸೆಯ ಪರಂಪರೆಗೆ ಸೇರಿದ ಮೊದಲ ಹೊರನಾಡಿಗ ಅಮೆರಿಕದ ಡಾನ್ ಡ್ರೇಗರ್. ಆ ಪರಂಪರೆಯಲ್ಲಿ ಸೇರುವವರು ಬೆರಳು ಚುಚ್ಚಿ, ಸಹಿಗೆ ರಕ್ತ ಒತ್ತಿ ಪ್ರಮಾಣ ಮಾಡಬೇಕು. ಇಷ್ಟೆಲ್ಲ ಕೇಳಿದ ಮೇಲೆ ಮೂರು ವಾರ ಮಂಡಿ ಮಡಚಿ ಕೂತದ್ದನ್ನು ದೊಡ್ಡದು ಮಾಡಿ ಹೇಳಲು ಇವರಿಗೆ ನಾಚಿಕೆಯಾಗುತ್ತಿತ್ತು.

ವಿದ್ಯೆ ಎದುರು ದಿಕ್ಕಿನಲ್ಲೂ ಪಯಣಿಸಿದೆ ಎಂಬುದು ಗುರುಗಳಿಗೆ ಗೊತ್ತಿರಲಿಲ್ಲ. ರವೀಂದ್ರನಾಥ ಟಾಗೋರರ ಆಹ್ವಾನದ ಮೇರೆಗೆ ಜಿನ್ನೊಸುಕೆ ಸಾನೊ 1905ರಲ್ಲಿ, ಶಿಂಜೊ ತಕಗಾಕಿ 1929ರಲ್ಲಿ ಶಾಂತಿನಿಕೇತನಕ್ಕೆ ಬಂದು ಕಲಿಸಿದ್ದರು. ನಮ್ಮ ಎಂಜಿನಿಯರ್ ಅದನ್ನು ಹೇಳಿದ ಸಂಜೆ ಗುರುಗಳು ಎರಡು ಸಲ ಕೇಳಿ, ಹೆಸರುಗಳನ್ನು ಊಟದ ಕಾಗದದ ಮೇಲೆ ಬರೆಸಿಕೊಂಡರು.

2003ರಲ್ಲಿ ಅದೇ ಗುರುಗಳು ಇವರನ್ನು ಕೊಡೊಕಾನ್‌ಗೆ ಕರೆದೊಯ್ದರು. 1882ರಲ್ಲಿ ಜೂಡೊದ ಜನಕ ಜಿಗೊರೊ ಕಾನೊ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಯ ಜಾಗದಲ್ಲಿ ಆರಂಭಿಸಿದ ಶಾಲೆ ಈಗ ಕಸುಗಾದಲ್ಲಿ ಎಂಟಂತಸ್ತಿನ ಕಟ್ಟಡ. ಏಳನೆಯ ಮಹಡಿಯ ಮುಖ್ಯ ಡೋಜೊದಲ್ಲಿ 420 ಚಾಪೆ. ಗಲ್ಲಿಯ ಡೋಜೊ ಅಳೆದು ತೂಗಿ ಸೇರಿಸಿಕೊಂಡರೆ, ಇಲ್ಲಿ ಕೌಂಟರಿನಲ್ಲಿ ಅರ್ಜಿ ತುಂಬಿ ಹಣ ಕಟ್ಟಿದರೆ ಆಯಿತು. ಹೊರನಾಡಿಗರಿಗೆ ಈ ಊರಿನ ಅತಿ ದೊಡ್ಡ ಬಾಗಿಲೇ ಅತಿ ಸುಲಭದ ಬಾಗಿಲೂ ಆಗಿತ್ತು ಎಂಬ ತಮಾಷೆ ಇವರಿಗೆ ಮೂರು ವರ್ಷ ತಡವಾಗಿ ತಿಳಿಯಿತು. ಆ ಸಂಜೆ ಎಪ್ಪತ್ತು ದಾಟಿದ ಒಬ್ಬ ಅಜ್ಜ, ಇವರ ಕಾಲು ನೆಲಕ್ಕೆ ಊರುವ ಮುಂಚೆಯೇ ಪಾದದಿಂದ ಮೆಲ್ಲಗೆ ಗುಡಿಸಿ ಆರು ಸಲ ಕೆಡವಿದರು. ಆರು ಸಲವೂ ತೋಳು ಹಿಡಿದು, ಬೀಳುವಾಗ ತಲೆ ತಾಗದ ಹಾಗೆ ನೋಡಿಕೊಂಡರು.

ಬದಲಾವಣೆ ಸದ್ದಿಲ್ಲದೆ ಬಂತು. 2012ರ ಏಪ್ರಿಲ್‌ನಿಂದ ಮಾಧ್ಯಮಿಕ ಶಾಲೆಗಳಲ್ಲಿ ಬುದೊ, ಅಂದರೆ ಜಪಾನಿ ಸಮರಕಲೆ, ಕಡ್ಡಾಯವಾಯಿತು. ಅದೇ ಜುಲೈಯಲ್ಲಿ ವಿದೇಶಿಯರ ಹಳೆಯ ನೋಂದಣಿ ಕಾರ್ಡ್ ಹೋಗಿ ಹೊಸ ನಿವಾಸಿ ಕಾರ್ಡ್ ಬಂತು. ಟೋಕಿಯೊದಲ್ಲೇ ಹುಟ್ಟಿದ ಮಗಳು 2014ರಲ್ಲಿ ಮಾಧ್ಯಮಿಕ ಶಾಲೆ ಸೇರಿದಾಗ ಬಿದಿರು ಕತ್ತಿಯ ಕೆಂಡೊ ಅವಳ ವೇಳಾಪಟ್ಟಿಯಲ್ಲೇ ಇತ್ತು, ಗಣಿತದ ನಂತರ, ಊಟದ ಮುಂಚೆ. ಅಪ್ಪ ಗಲ್ಲಿ ಗಲ್ಲಿ ಅಲೆದು ಬೇಡಿದ್ದನ್ನು ಮಗಳು ಮುಖ ಸಿಂಡರಿಸಿಕೊಂಡು ಮಾಡುತ್ತಿದ್ದಳು. ‘ಶಿರಸ್ತ್ರಾಣ ಗಬ್ಬುನಾತ ಪಪ್ಪಾ’ ಎಂಬುದೊಂದೇ ಅವಳ ವರದಿ.

ಅತ್ತ ಕ್ರೀಡಾ ಕೇಂದ್ರದಲ್ಲಿ ಮಕ್ಕಳ ಸಾಲು ಗಿಡ್ಡವಾಗುತ್ತ ಬಂತು. 2000ದಲ್ಲಿ ಇಪ್ಪತ್ತೆಂಟು ಮಕ್ಕಳಿದ್ದ ತರಗತಿಯಲ್ಲಿ 2019ಕ್ಕೆ ಒಂಬತ್ತು. ಮಕ್ಕಳೇ ಕಡಿಮೆ, ಇದ್ದವರಿಗೆ ಫುಟ್‌ಬಾಲ್, ಟ್ಯೂಷನ್. 2020ರ ವಸಂತದಲ್ಲಿ ಕೊರೊನಾ ಬಂದಾಗ, ಒಬ್ಬರ ಕೊರಳಪಟ್ಟಿ ಇನ್ನೊಬ್ಬರು ಹಿಡಿಯುವ ಈ ಆಟವೇ ಎಲ್ಲಕ್ಕಿಂತ ಮೊದಲು ನಿಂತಿತು. ತಿಂಗಳುಗಳ ನಂತರ ಮಾಸ್ಕ್ ಹಾಕಿಕೊಂಡು ಬಂದವರಲ್ಲಿ ಗುರುಗಳಿರಲಿಲ್ಲ. ಮೊಣಕಾಲು ಕೈಕೊಟ್ಟಿತ್ತು. ಅವರ ಮರದ ಪಟ್ಟಿ ಮಾತ್ರ ಸಾಲಿನ ಬಲತುದಿಯಲ್ಲಿ ಹಾಗೆಯೇ ಇದೆ.

2022ರ ಅಕ್ಟೋಬರಿನಲ್ಲಿ ಜಪಾನ್ ಪ್ರವಾಸಿಗರಿಗೆ ಬಾಗಿಲು ತೆರೆದದ್ದೇ ತಡ, ಕೇಳಿಕೊಂಡು ಬರುವವರು ನದಿಯ ಪ್ರವಾಹದಂತೆ ಹೆಚ್ಚಿದರು. ಡೋಜೊಗಳು ಇಂಗ್ಲಿಷಿನಲ್ಲಿ ಪುಟ ತೆರೆದವು. ಕ್ಯೂಆರ್ ಕೋಡ್ ತೋರಿಸಿದರೆ ಒಂದು ದಿನದ ಪಾಠ, ಬಾಡಿಗೆಗೆ ಅಂಗಿ, ಕೊನೆಗೊಂದು ಫೋಟೊ. 2023ರ ಕೊನೆಗೆ ದೇಶದಲ್ಲಿ ನೆಲೆಸಿದ ವಿದೇಶಿಯರೇ ಸುಮಾರು 34 ಲಕ್ಷ. ಇವರ ಕೇಂದ್ರದ ಗೋಡೆಯಲ್ಲಿ ಈಗ ನೇಪಾಳ, ಬ್ರೆಜಿಲ್, ಮಂಗೋಲಿಯಾದವರ ಹೆಸರುಗಳಿವೆ. ಮೊದಲು ಡೋಜೊ ಅವರನ್ನು ಪರೀಕ್ಷಿಸುತ್ತಿತ್ತು, ಈಗ ಡೋಜೊ ಉಳಿಯಲು ಅವರೇ ಬೇಕು. ಇದು ಒಳ್ಳೆಯದೇ ಎಂದು ಇವರು ಹೇಳುತ್ತಾರೆ, ಮನಸಾರೆ ಹೇಳುತ್ತಾರೆ. ಆದರೆ ಕೆಂಗಾಕು ಹತ್ತು ನಿಮಿಷಕ್ಕೆ ಇಳಿದದ್ದು ಮಾತ್ರ ಅವರಿಗೆ ಸರಿಬಂದಿಲ್ಲ. ಕೂತು ನೋಡದವನಿಗೆ ಬೀಳಲು ಬರುವುದು ತಡ ಎಂಬುದು ಇಷ್ಟು ವರ್ಷ ಹೊಸಬರನ್ನು ಎತ್ತಿ ಒಗೆದ ಮನುಷ್ಯನ ಲೆಕ್ಕಾಚಾರ.

ಮೊನ್ನೆ ರಾತ್ರಿ ಹರಿಹರದ ತಂಗಿಯ ಮಗ, ಟೋಕಿಯೊಗೆ ಓದಲು ಬಂದು ಎರಡು ತಿಂಗಳಾದವನು, ವಾಟ್ಸ್‌ಆ್ಯಪ್ ಮಾಡಿದ್ದ. ‘ಮಾಮ, ಟ್ರಯಲ್ ಕ್ಲಾಸ್ ಬುಕ್ ಆತು. ಏನೇನ್ ತರ್ಬೇಕು?’

ಇವರು ಕನ್ನಡಕ ಹುಡುಕಿ ಉತ್ತರ ಬರೆದರು. ‘ಟವೆಲ್, ನೀರಿನ ಬಾಟ್ಲಿ. ಉಗುರು ಕತ್ತರಿಸ್ಕೊಂಡ್ ಬಾರಪ. ಏಳಕ್ಕೆ ಶುರು, ನೀ ಆರೂವರೆಗೇ ಬಾ.’ ಕಳಿಸಿಯಾದ ಮೇಲೆ ಇನ್ನೊಂದು ಸಾಲು ಸೇರಿಸಿದರು. ‘ಚಪ್ಲಿ ಬಿಡೋವಾಗ ನಾ ಬಾಗ್ಲತ್ರ ನಿಂತಿರ್ತೀನಿ.’