ಮನೆ ಕಳೆದುಕೊಂಡವರ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಒಂದು ಮನೆಯ ಕಷ್ಟವನ್ನು ಬಲ್ಲವರಾಗಿದ್ದರು. ತನ್ನ ಮನೆಯನ್ನು ತಾನೇ ಕಟ್ಟಿಸುವವನಿಗೆ ಅದರಲ್ಲಿ ವಾಸಿಸತಕ್ಕವರಾರೆಂಬುದು ಗೊತ್ತು. ಅಜ್ಜಿಯ ಮಂಚಕ್ಕೆ ಯಾವ ಮೂಲೆ, ಒಲೆಯ ಹೊಗೆಗೆ ಯಾವ ದಾರಿ ಎಂಬುದನ್ನು ಅವನು ಬಲ್ಲನು. ಆದರೆ ಕಂಡರಿಯದ ಸಾವಿರಾರು ಸಂಸಾರಗಳಿಗೆ ಒಮ್ಮೆಗೇ ಮನೆಗಳನ್ನೂ ಬೀದಿಗಳನ್ನೂ ಕಲ್ಪಿಸಬೇಕಾದವನ ಪಾಡೇನು? ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪಿಗಳು ಹೊತ್ತ ಹೊರೆ ಇದೇ. ಹಳೆಯ ಅಲಂಕಾರಗಳನ್ನು ಕಿತ್ತೊಗೆದು, ಕಬ್ಬಿಣ ಕಾಂಕ್ರೀಟು ಗಾಜುಗಳಿಂದ ಹೊಸ ಬಾಳಿಗೆ ಹೊಸ ಕಟ್ಟಡವನ್ನು ಕಟ್ಟುವೆವೆಂದು ಅವರು ಯೂರೋಪಿನಲ್ಲಿ ಹೊರಟರು. ಆ ನವೀನ ಮಾರ್ಗದವರಲ್ಲಿ ಒಬ್ಬರ ಚರಿತ್ರೆಯು ಕನ್ನಡ ನಾಡಿಗೂ ಸೇರಿದುದಾಗಿದೆ.

ಒಟ್ಟೊ ಕೋನಿಗ್ಸ್‌ಬರ್ಗರ್ ಅವರು 1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದರು. ಅಲ್ಲಿಯೇ ಶಿಲ್ಪವಿದ್ಯೆಯನ್ನು ಕಲಿತು 1933ರಲ್ಲಿ ಪ್ರಸಿದ್ಧವಾದ ಶಿಂಕೆಲ್ ಬಹುಮಾನವನ್ನು ಪಡೆದರು. ಯೆಹೂದ್ಯರಾದ ಕಾರಣ ಅದೇ ವರ್ಷ ಸರಕಾರದ ಕೆಲಸವನ್ನು ಕಳೆದುಕೊಂಡರು. ದೇಶವು ಒಂದು ಕೈಯಿಂದ ಹಾರ ಹಾಕಿತು, ಇನ್ನೊಂದು ಕೈಯಿಂದ ಕತ್ತು ಹಿಡಿದು ದೂಡಿತು. ಕೆಲವು ಕಾಲ ಈಜಿಪ್ಟಿನ ಪ್ರಾಚೀನ ಕಟ್ಟಡಗಳ ಶೋಧನೆಯಲ್ಲಿ ಕಳೆದು, 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಪ್ರಧಾನ ವಾಸ್ತುಶಿಲ್ಪಿಯಾಗಿ ಬಂದರು.

ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿನ ಭೋಜನಶಾಲೆ, ಸಭಾಮಂದಿರ, ವಿಮಾನವಿದ್ಯೆಯ ವಿಭಾಗ ಮೊದಲಾದವು ಅವರ ಕಲ್ಪನೆಗಳು. ಬಿಸಿಲ ನಾಡು ಅವರಿಗೆ ಗುರುವಾಯಿತು. ಗಾಜಿನ ಗೋಡೆಯು ಬರ್ಲಿನ್ನಿನ ಮಂಕು ಆಕಾಶಕ್ಕೆ ವರ. ವೈಶಾಖದ ಸೂರ್ಯನಿಗೆ ಅದು ಒಲೆ. ಮೂಡಲ ಪಡುವಲ ಗೋಡೆಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದು ಒಳನುಗ್ಗುತ್ತದೆ. ತೆಂಕಣ ಗೋಡೆಗಾದರೋ ಒಂದು ಸಜ್ಜವೇ ಸಾಕು. ಆದುದರಿಂದ ಕಟ್ಟಡದ ಉದ್ದವು ಮೂಡಲಿಂದ ಪಡುವಲಿಗೆ ಹರಿಯಬೇಕು, ಗಾಳಿಯು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡಬೇಕು. ಜಗಲಿ ಮತ್ತು ತೊಟ್ಟಿಗಳನ್ನು ಕಟ್ಟಿದ ಇಲ್ಲಿಯ ಗಾರೆಯವರು ಯಾವ ಗ್ರಂಥವನ್ನೂ ಓದದೆ ನೆರಳನ್ನೂ ಗಾಳಿಯನ್ನೂ ಬಲ್ಲವರಾಗಿದ್ದರು. ಅದನ್ನು ಲೆಕ್ಕಕ್ಕೂ ಶಾಸ್ತ್ರಕ್ಕೂ ತಂದುದು ಈ ಪರದೇಶಿಯ ಹಿರಿಮೆ.

ಬಳಿಕ ಊರುಗಳ ಕೆಲಸ ಬಂದಿತು. ಜಮ್ಷೆಡ್‌ಪುರದ ವಿಸ್ತರಣೆಗೆ ಅವರು ನಕ್ಷೆಯನ್ನು ರಚಿಸಿದರು. 1948ರಲ್ಲಿ ಒರಿಸ್ಸಾದ ಹೊಸ ರಾಜಧಾನಿಯಾದ ಭುವನೇಶ್ವರದ ಯೋಜನೆಯನ್ನು ಮಾಡಿಕೊಟ್ಟರು. ಅಲ್ಲಿ ಪ್ರತಿಯೊಂದು ಕೇರಿಗೂ ತನ್ನದೇ ಶಾಲೆ, ತನ್ನದೇ ಅಂಗಡಿಬೀದಿ. ಮಗುವು ಹೆದ್ದಾರಿಯನ್ನು ದಾಟದೆ ಶಾಲೆಗೆ ನಡೆದುಹೋಗಬೇಕು. ಕಾಲುದಾರಿಯಿಂದ ರಾಜಬೀದಿಯವರೆಗೆ ಏಳು ತೆರನಾದ ದಾರಿಗಳನ್ನು ಅವರು ವಿಂಗಡಿಸಿದರು.

ಅದೇ ವರ್ಷ ಭಾರತ ಸರಕಾರವು ಅವರನ್ನು ವಸತಿ ನಿರ್ದೇಶಕರನ್ನಾಗಿ ನೇಮಿಸಿತು. ದೇಶ ವಿಭಜನೆಯಿಂದ ಲಕ್ಷಾಂತರ ಜನರು ನಿರಾಶ್ರಿತರಾಗಿದ್ದ ಕಾಲವದು. ಮನೆ ಕಳೆದುಕೊಂಡವರಿಗೆ ಮನೆ ಒದಗಿಸುವ ಭಾರವು ಮನೆ ಕಳೆದುಕೊಂಡವರ ಹೆಗಲಿಗೇ ಬಿದ್ದಿತು. ಕಾಂಕ್ರೀಟಿನ ಹಲಗೆಗಳನ್ನು ದಿಲ್ಲಿಯ ಕಾರ್ಖಾನೆಯಲ್ಲಿ ಎರಕಹೊಯ್ದು, ಸ್ಥಳದಲ್ಲಿ ಜೋಡಿಸಿ, ಬೇಗನೆ ಮನೆಗಳನ್ನು ನಿಲ್ಲಿಸುವುದೆಂದು ನಿಶ್ಚಯವಾಯಿತು. ಹಲಗೆಗಳು ಗಟ್ಟಿಯಾಗಿ ನಿಲ್ಲಲಿಲ್ಲ, ಪ್ರಯತ್ನವು ಕೆಟ್ಟಿತು, ಪಾರ್ಲಿಮೆಂಟಿನಲ್ಲಿ ಕಟುವಾದ ಟೀಕೆ ಎದ್ದಿತು. 1951ರಲ್ಲಿ ಅವರು ಲಂಡನ್ನಿಗೆ ತೆರಳಿದರು.

ಸೋಲಿನೊಡನೆ ಕಥೆ ಮುಗಿಯಲಿಲ್ಲ. ಮುಂದೆ ಅವರು ಉಷ್ಣದೇಶಗಳ ಕಟ್ಟಡವಿದ್ಯೆಯನ್ನು ಬೋಧಿಸಿದರು. 1963ರಲ್ಲಿ ವಿಶ್ವಸಂಸ್ಥೆಯು ಸಿಂಗಪುರಕ್ಕೆ ಕಳುಹಿದ ಮೂವರು ತಜ್ಞರಲ್ಲಿ ಅವರೂ ಒಬ್ಬರು. ಬೆಳೆಯುವ ಊರಿಗೆ ಒಮ್ಮೆ ಬರೆದಿಟ್ಟ ನಕ್ಷೆಯು ಮಗುವಿಗೆ ಹೊಲಿಸಿದ ಅಂಗಿಯಂತೆ ಎಂಬ ವಿವೇಕವು ಆ ವೇಳೆಗೆ ಅವರಲ್ಲಿ ಮಾಗಿದ್ದಿತು. ಇಪ್ಪತ್ತು ವರ್ಷಗಳ ಭವಿಷ್ಯವನ್ನು ನುಡಿಯುವುದಕ್ಕಿಂತ, ಈಗ ಆಗಬೇಕಾದುದನ್ನು ಮಾಡಿ, ಫಲವನ್ನು ಕಂಡು, ತಿದ್ದಿಕೊಳ್ಳುವುದೇ ಲೇಸೆಂದು ಅವರು ಸಾರಿದರು. ಸಣ್ಣ ಆಡಳಿತನಗರವಾಗಿ ಹುಟ್ಟಿದ ಭುವನೇಶ್ವರವು 2011ರ ಜನಗಣತಿಯಲ್ಲಿ 8 ಲಕ್ಷವನ್ನು ಮೀರಿತು. ಆ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ. 1974ರಲ್ಲಿ, ಉಷ್ಣದೇಶದ ವಸತಿ ನಿರ್ಮಾಣವನ್ನು ಕುರಿತು ಸಹೋದ್ಯೋಗಿಗಳೊಡನೆ ರಚಿಸಿದ ಕೈಪಿಡಿ ಹೊರಬಂದಿತು. ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಅದು ಪಾಠವಾಯಿತು. 1999ರಲ್ಲಿ ಅವರು ಕಾಲವಾದರು.

ಇಂದು ಬೆಂಗಳೂರಿನಲ್ಲಿ ಪಡುವಲ ಬಿಸಿಲಿಗೆ ಗಾಜಿನ ಗೋಡೆಯನ್ನೊಡ್ಡಿ, ಒಳಗಿನ ಬೇಗೆಯನ್ನು ಯಂತ್ರದಿಂದ ತಣಿಸುವ ಸೌಧಗಳು ಸಾಲಾಗಿ ನಿಂತಿವೆ. ಬರ್ಲಿನ್ನಿನಿಂದ ಬಂದವರು ಇಲ್ಲಿಯ ಸೂರ್ಯನಿಂದ ಕಲಿತ ಪಾಠವನ್ನು ಇಲ್ಲಿಯವರು ಮರೆತರೆ, ಅದಕ್ಕೆ ಬೆಲೆ ತೆರುವವರು ಆ ಸೌಧಗಳೊಳಗೆ ಕುಳಿತವರಲ್ಲ. ಹೊರಗಿನ ಬೀದಿಯಲ್ಲಿ ನೆರಳಿಲ್ಲದೆ ನಡೆಯುವವರು.